ದುಡ್ಡು ಹೋಗೋದು ನೆಲಕ್ಕೆ

ಹಾಂಗ್‌ಕಾಂಗ್‌ನಲ್ಲಿ ಅಷ್ಟು ದುಡ್ಡು ಸುರಿದರೂ ಬೆಂಕಿಪೊಟ್ಟಣದಂಥ ಮನೆ ಯಾಕೆ ಅಂತ ಕೇಳಿದ್ದೀರಿ. ಆ ದುಡ್ಡು ಗೋಡೆಗಲ್ಲ, ನೆಲಕ್ಕೆ. ಅಲ್ಲಿ ಜಮೀನು ಹೆಚ್ಚುಕಡಿಮೆ ಪೂರ್ತಿ ಸರ್ಕಾರದ್ದು, ಸಿಗೋದು ಗುತ್ತಿಗೆಗೆ. ದುಬಾರಿಗೆ ಹಿಡಿದ ಬಿಲ್ಡರ್‌ಗಳು 200 ಚದರಡಿಗಿಂತ ಕಮ್ಮಿ ಫ್ಲ್ಯಾಟನ್ನೂ ಕಟ್ಟಿ ಮಾರಿದ್ದಾರೆ.

ವಿಯೆನ್ನಾದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನೋ ವಸತಿ ಸಮುಚ್ಚಯ ನೋಡಿ. ನಗರಾಡಳಿತವೇ ಕಾರ್ಮಿಕರಿಗೆಂದು ಕಟ್ಟಿಸಿ 1930ರಲ್ಲಿ ಮುಗಿಸಿದ್ದು. ಒಂದು ಕಿಲೋಮೀಟರ್‌ಗೂ ಉದ್ದ. ಕೋಟೆಬಾಗಿಲಿನಂಥ ಕಮಾನು ದಾಟಿದರೆ ಹಸಿರು ಅಂಗಳ, ಬಟ್ಟೆ ಒಗೆಯೋಕೆ ಪ್ರತ್ಯೇಕ ಕಟ್ಟಡ, ಶಿಶುವಿಹಾರ. ಲಾಭಕ್ಕೆ ಕಟ್ಟಿದ್ದರೆ ಆ ಅಂಗಳ ಉಳೀತಿತ್ತಾ?

ಟೋಕಿಯೊ ಕಥೆಯೇ ಬೇರೆ. ತೆರಿಗೆ ಲೆಕ್ಕದಲ್ಲಿ ಮರದ ಮನೆಯ ಆಯಸ್ಸು 22 ವರ್ಷ. ಹಳೇ ಮನೆಗೆ ಬೆಲೆ ಬರೋದು ಅಷ್ಟಕ್ಕಷ್ಟೇ, ಕೆಡವಿ ಕಟ್ಟೋದು ಮಾಮೂಲು. ಅದಕ್ಕೇ ಅಂಗೈಯಗಲದ ಸೈಟಲ್ಲೂ ವಾಸ್ತುಶಿಲ್ಪಿಗಳು ಚಿತ್ರವಿಚಿತ್ರ ಪ್ರಯೋಗ ಮಾಡ್ತಾರೆ. ಮುಂದೆ ಯಾರು ಕೊಳ್ತಾರೋ ಅನ್ನೋ ಚಿಂತೆ ಇಲ್ಲವಲ್ಲ!