ಮೊದಲು ಎರಡೇ ನಿಮಿಷ, ಕಣ್ಣು ತೆರೆದುಕೊಂಡೇ

ಕೊಡಗಿನ ಸುಂಟಿಕೊಪ್ಪದ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಹತ್ತು ವರ್ಷದ ಮಗ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಎಂಟು ತಿಂಗಳಾಯಿತು. ಓಡಾಡುತ್ತಾನೆ, ಮಾತಾಡುತ್ತಾನೆ. ಆದರೆ ಬೇಗ ಸುಸ್ತು, ಸಣ್ಣದಕ್ಕೂ ಸಿಟ್ಟು. ಪಾಠದಲ್ಲಿ ಗಮನ ನಿಲ್ಲುತ್ತಿಲ್ಲ. ಶಾಲೆಯಲ್ಲಿ ಸೋಮಾರಿ ಅನ್ನುತ್ತಾರೆ. ನೆಂಟರು ಹತ್ತು ದಿನದ ಧ್ಯಾನ ಶಿಬಿರಕ್ಕೆ ಕಳಿಸಿ ಅನ್ನುತ್ತಾರೆ. ಮೈಂಡ್‌ಫುಲ್‌ನೆಸ್‌ನಿಂದ, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸದಿಂದ, ಇವನು ಮೊದಲಿನ ಹಾಗೆ ಆಗುತ್ತಾನಾ ಎಂದು ಕೇಳಿದ್ದಾರೆ.

ಅಕ್ಕಾ, ನಿಮ್ಮ ಸುಗ್ಗಿ ಹಬ್ಬ ಪುತ್ತರಿಯ ದಿನ ಹಾರಿಸಿದ ಕೋವಿ ಸದ್ದಿಗೆ ಅವನು ಮಂಚದ ಕೆಳಗೆ ಸೇರಿದ, ಎಲ್ಲರೂ ನಕ್ಕರು ಅಂತ ಬರೆದಿದ್ದೀರಿ. ಓದಿ ಬಹಳ ಸಂಕಟವಾಯಿತು. ಅವನು ಪುಕ್ಕಲ ಅಲ್ಲ. ಬೇಡದ ಸದ್ದು, ಬೆಳಕನ್ನು ಸೋಸಿ ಬದಿಗಿಡುವ ಕೆಲಸ ಪೆಟ್ಟಾದ ಮೆದುಳಿಗೆ ಕಷ್ಟ. ಎಲ್ಲಾ ಒಟ್ಟಿಗೆ ನುಗ್ಗುತ್ತದೆ. ಅದರಲ್ಲೇ ಅವನ ಶಕ್ತಿ ಖರ್ಚಾಗುತ್ತದೆ. ಸೋಮಾರಿತನ ಅಲ್ಲವೇ ಅಲ್ಲ.

ಮೈಂಡ್‌ಫುಲ್‌ನೆಸ್ ಆ ಗಾಯವನ್ನು ವಾಸಿ ಮಾಡುವುದಿಲ್ಲ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇದನ್ನು ತರಬೇತಿಯಾಗಿ ಶುರು ಮಾಡಿದ್ದು ದೀರ್ಘಕಾಲದ ನೋವು, ಒತ್ತಡ ಇದ್ದ ದೊಡ್ಡವರಿಗಾಗಿ. ತಲೆಗೆ ಪೆಟ್ಟಾದ ಮಕ್ಕಳ ಮೇಲಿನ ಅಧ್ಯಯನಗಳು ಇನ್ನೂ ಕಡಿಮೆ. ಆದರೂ ಸುಸ್ತು, ಸಿಟ್ಟು ಏರುವ ಮೊದಲೇ ಗುರುತಿಸುವುದಕ್ಕೆ ನೆರವಾಗಬಹುದು. ಚಿಕಿತ್ಸೆಯ ಜೊತೆಗೆ ಮಾತ್ರ. ಶಿಬಿರ ಬೇಡ. ಗಂಟೆಗಟ್ಟಲೆ ಕಣ್ಣು ಮುಚ್ಚಿ ಕೂತರೆ ಇಂಥ ಮಗುವಿಗೆ ತಲೆನೋವು, ಗಾಬರಿ ಜಾಸ್ತಿಯಾಗಬಹುದು.

ಈಗ ಕಣದಲ್ಲಿ ಕಾಫಿ ಹರಡಿರುತ್ತೀರಿ, ಅಲ್ವಾ? ಎಳೆಬಿಸಿಲಲ್ಲಿ ಅವನ ಜೊತೆ ಅಂಚಿನಲ್ಲಿ ಕೂರಿ. ಕಾಫಿಯೊಳಗೆ ಅಂಗೈ ತೂರಿಸಲಿ. ಮೇಲೆ ಬೆಚ್ಚಗಿದೆಯಾ, ಅಡಿಯಲ್ಲಿ ತಣ್ಣಗಾ? ಒಂದು ಒಣಗಿದ ಹಣ್ಣನ್ನು ಕಿವಿಯ ಹತ್ತಿರ ಅಲ್ಲಾಡಿಸಲಿ. ಒಳಗೆ ಬೀಜ ಗಿಲಿಗಿಲಿ ಅನ್ನುತ್ತದಾ? ಇಷ್ಟೇ, ಎರಡು ನಿಮಿಷ. ಗಮನ ಕಾಗೆಯ ಕಡೆಗೋ ನಾಯಿಯ ಕಡೆಗೋ ಹೋದರೆ ಬೈಯಬೇಡಿ. "ಬಾ ಮಗಾ, ಇನ್ನೊಂದು ನೋಡೋಣ" ಅನ್ನಿ. ಹೋದ ಗಮನವನ್ನು ವಾಪಸ್ ಕರೆಯುವುದೇ ಅಭ್ಯಾಸ. ತಲೆ ನೋವು ಅಂದರೆ ಅಲ್ಲಿಗೇ ನಿಲ್ಲಿಸಿ.

ಸಿಟ್ಟು ಇಳಿದ ಮೇಲೆ ಮೆಲ್ಲಗೆ ಕೇಳಿ: ಮೊದಲು ಕಿವಿ ಬಿಸಿಯಾಯಿತಾ, ಮುಷ್ಟಿ ಬಿಗಿಯಾಯಿತಾ? ಆ ಗುರುತು ಅವನಿಗೇ ಗೊತ್ತಾದರೆ ಎದ್ದು ಹೊರಗೆ ಹೋಗಲು ಸಮಯ ಸಿಗುತ್ತದೆ.

ಶಾಲೆಗೆ ಡಾಕ್ಟರರ ಪತ್ರ ಕೊಡಿ. ನಡುನಡುವೆ ಸದ್ದಿಲ್ಲದ ಕಡೆ ಅವನಿಗೆ ವಿಶ್ರಾಂತಿ ಬೇಕು. ನಿಮ್ಮ ಡಾಕ್ಟರರನ್ನು ಕೇಳಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನೆನಪು, ಗಮನದ ಪರೀಕ್ಷೆ ಮಾಡಿಸಿ. ಮೆದುಳಿನ ಮುಂಭಾಗ ಸುಮಾರು 25 ವರ್ಷದವರೆಗೂ ಬೆಳೆಯುತ್ತದೆ. ಹಾಗಾಗಿ ಕೆಲವು ತೊಂದರೆ ಮೇಲಿನ ಕ್ಲಾಸಿಗೆ ಹೋದಾಗ ಕಾಣಿಸಬಹುದು. ತಪಾಸಣೆ ಬಿಡಬೇಡಿ. ವಾಂತಿ, ಫಿಟ್ಸ್, ಏರುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದಷ್ಟು ನಿದ್ದೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ನಿಮಗೂ ನಿದ್ದೆ ಇಲ್ಲ ಅಂದಿದ್ದೀರಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕಾಗಿ ಇರುವ ಸರ್ಕಾರಿ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಹೂಮಳೆ ಬಂದು ಕಾಫಿ ಹೂ ಬಿಟ್ಟು ತೋಟ ಬೆಳ್ಳಗಾದಾಗ ಅವನನ್ನು ಗಿಡದ ಹತ್ತಿರ ಕರೆದುಕೊಂಡು ಹೋಗಿ. ಘಮ ಜಾಸ್ತಿಯಾಯಿತು ಅಂದರೆ ವಾಪಸ್ ಬನ್ನಿ. ಏನೇನು ನೋಡಿದ ಅಂತ ನಮಗೆ ಬರೆಯಿರಿ.