ದೊಡ್ಡ ಬೈಕು, ಬಳ್ಳಾರಿ ಬಿಸಿಲು, ಊರೊಳಗಿನ ಟ್ರಾಫಿಕ್

ಪ್ರಶ್ನೆ: ನಮ್ಮ ಮನೆ ಕೌಲ್ ಬಜಾರ್‌ನಲ್ಲಿ, ಕೆಲಸ ಹೊಸಪೇಟೆ ರಸ್ತೆಯಲ್ಲಿ. ಬಹಳ ಆಸೆಪಟ್ಟು 650 ಸಿಸಿಯ ಎರಡು ಸಿಲಿಂಡರ್ ಬೈಕು ತಗೊಂಡೆ. ಬೆಳಿಗ್ಗೆ ಹೋಗುವಾಗ ಪರವಾಗಿಲ್ಲ. ಮಧ್ಯಾಹ್ನ ಊಟಕ್ಕೆ ಬರುವಾಗ ರಾಯಲ್ ಸರ್ಕಲ್ ದಾಟುವಷ್ಟರಲ್ಲಿ ತೊಡೆ, ಮೀನಗಂಡ ಸುಡುತ್ತದೆ, ನ್ಯೂಟ್ರಲ್ಲೂ ಬೀಳುವುದಿಲ್ಲ. ಸರ್ವೀಸ್‌ನವರು ಮಾಮೂಲಿ ಅಂತಾರೆ, ಅವ್ವ ಮಾರಿಬಿಡು ಅಂತಾಳೆ. ಎಂಜಿನ್ ಹಾಳಾಗುತ್ತಿದೆಯಾ ಸರ್? (ಓದುಗರು, ಬಳ್ಳಾರಿ)

ಉತ್ತರ: ಸರ್ವೀಸ್‌ನವರು ಹೇಳಿದ್ದು ಬಹುಮಟ್ಟಿಗೆ ಸರಿ. ಪೆಟ್ರೋಲ್ ಉರಿದಾಗ ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಕಾಲು ಭಾಗ. ಉಳಿದದ್ದೆಲ್ಲ ಬಿಸಿಯಾಗಿ ಸೈಲೆನ್ಸರ್‌ನಿಂದ, ಎಂಜಿನ್ ಮೈಯಿಂದ ಹೊರಗೆ ಬರುತ್ತದೆ. ಗಾಡಿ ಓಡುತ್ತಿದ್ದರೆ ಎದುರುಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದಾಗ ಎಂಜಿನ್ ಚಾಲೂ ಇಟ್ಟು ನಿಂತರೆ ಗಾಳಿಯೂ ಇಲ್ಲ, ಓಟವೂ ಇಲ್ಲ, ಅಷ್ಟೂ ಬಿಸಿ ನಿಮ್ಮ ಕಾಲಿಗೇ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬೇರೆ ಇದೆ, ಅದು ಕೆಲಸ ಮಾಡುವುದೇ ನೂರಾರು ಡಿಗ್ರಿ ಬಿಸಿಯಲ್ಲಿ. ಅದನ್ನು ಕಿತ್ತುಹಾಕಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಅವರ ಮಾತು ಕೇಳಬೇಡಿ, ಅದು ಕಾನೂನಿಗೂ ವಿರುದ್ಧ, ಊರಿನ ಗಾಳಿಗೂ ಕೆಟ್ಟದ್ದು.

ನ್ಯೂಟ್ರಲ್ ಬೀಳದೆ ಇರುವುದನ್ನು ಮಾತ್ರ ಅಸಡ್ಡೆ ಮಾಡಬೇಡಿ. ಬಿಸಿಗೆ ಆಯಿಲ್ ತೆಳುವಾಗುತ್ತದೆ, ಕ್ಲಚ್ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ, ಗೇರ್ ಗಡುಸಾಗುತ್ತದೆ. ಕ್ಲಚ್ ಕೇಬಲ್‌ನ ಆಟ, ಅಂದರೆ ಸಡಿಲು, ಸರಿ ಇದೆಯಾ ನೋಡಿಸಿ. ಆಯಿಲ್ ಮಟ್ಟವನ್ನು ನೀವೇ ನೋಡಿ, ಗ್ರೇಡ್ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದದ್ದೇ ಇರಲಿ. ನಮ್ಮ ಬೇಸಿಗೆಯಲ್ಲಿ ಊರೊಳಗೇ ಓಡುವ ಗಾಡಿಗೆ ಆಯಿಲನ್ನು ಹೇಳಿದ ಕಿಲೋಮೀಟರ್‌ಗಿಂತ ಸ್ವಲ್ಪ ಮೊದಲೇ ಬದಲಾಯಿಸುವುದು ಒಳ್ಳೆಯದು, ಯಾಕೆಂದರೆ ನಿಂತಲ್ಲಿ ಉರಿದ ಗಂಟೆಗಳು ಮೀಟರಿನಲ್ಲಿ ಕಾಣುವುದಿಲ್ಲ. ಇನ್ನೊಂದು ಮಾತು, ಹಾಫ್ ಕ್ಲಚ್‌ನಲ್ಲಿ ತೆವಳಬೇಡಿ. ಮುಂದಿನ ಆಟೋ ನಾಲ್ಕು ಮಾರು ಹೋಗಲಿ ಬಿಡಿ, ಆಮೇಲೆ ಒಂದೇ ಸಲ ಕ್ಲಚ್ ಪೂರ್ತಿ ಬಿಟ್ಟು ಹೋಗಿ. ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕಿಂತ ಜಾಸ್ತಿ ಇದ್ದರೆ ಎಂಜಿನ್ ಆಫ್ ಮಾಡಿ. ಗೇಟ್ ಹಾಕಿದ್ದರಂತೂ ಯೋಚನೆಯೇ ಬೇಡ.

ಈಗ ನಿಮ್ಮ ಮೈ ವಿಷಯ. ನನಗೆ ಎಂಜಿನ್‌ಗಿಂತ ಇದರದ್ದೇ ಚಿಂತೆ ಜಾಸ್ತಿ. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಏಪ್ರಿಲ್-ಮೇ ಮಧ್ಯಾಹ್ನ ಇಲ್ಲಿ 40 ದಾಟಿದಾಗ ಬೀಸುವ ಗಾಳಿ ಮೈಯನ್ನು ತಂಪು ಮಾಡುವುದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಆಗ ಕಾಪಾಡುವುದು ಬೆವರು ಆರುವುದೊಂದೇ. ಅದಕ್ಕೇ ತೋಳು ಬಿಟ್ಟುಕೊಂಡು ಹೋಗುವವರಿಗಿಂತ ತಿಳಿಬಣ್ಣದ ತುಂಬುತೋಳಿನ ಹತ್ತಿ ಅಂಗಿ ಹಾಕಿದವರು ಆರಾಮವಾಗಿರುತ್ತಾರೆ. ನಮ್ಮದು ಒಣ ಬಿಸಿಲು, ಮಂಗಳೂರಿನ ಹಾಗೆ ಜಿಗುಟಲ್ಲ. ಹಾಗಾಗಿ ಕುತ್ತಿಗೆಗೆ ಸುತ್ತಿದ ಒದ್ದೆ ಟವೆಲ್ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ, ನೀರಡಿಕೆ ಆಗುವ ಮೊದಲೇ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಕಾಲಿಗೆ ದಪ್ಪ ಜೀನ್ಸ್ ಇರಲಿ, ಜೀನ್ಸ್ ಹೊಲಿಯುವ ಊರಲ್ಲಿ ಅದಕ್ಕೇನು ಕೊರತೆ ಅಲ್ವಾ? ಹೆಲ್ಮೆಟ್ ಮಾತ್ರ ಸೆಕೆ ಅಂತ ತೆಗೆಯಬೇಡಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ಗಾಡಿ ನಿಲ್ಲಿಸಿ ನೆರಳಿಗೆ ಹೋಗಿ. ಮಾತು ತೊದಲಿದರೆ ಜೊತೆಗಿದ್ದವರು ತಡಮಾಡದೆ 108ಕ್ಕೆ ಫೋನ್ ಮಾಡಬೇಕು.

ಮಾರಬೇಕಾ ಅಂದರೆ, ಬೇಡ. ಬೇಸಿಗೆ ಮೂರು ತಿಂಗಳು ಮಧ್ಯಾಹ್ನಕ್ಕೆ ಡಬ್ಬಿ ಕಟ್ಟಿಕೊಂಡು ಹೋಗಿ, ಇಲ್ಲಾಂದ್ರೆ ಮನೆಯಲ್ಲಿ ಸ್ಕೂಟರ್ ಇದ್ದರೆ ಅದನ್ನು ಒಯ್ಯಿರಿ. ಈ ಬೈಕು ಭಾನುವಾರ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಹೊಸಪೇಟೆ ಕಡೆ ಹೊರಟಾಗ ತಾನು ಏನು ಅಂತ ತೋರಿಸುತ್ತದೆ. ಅವ್ವನಿಗೆ ಅದನ್ನೂ ಹೇಳಿ.

ಪ್ರಶ್ನೆ: ನನ್ನದು ಕೂಲಂಟ್ (ಎಂಜಿನ್ ತಣಿಸುವ ದ್ರವ) ಇರುವ ಬೈಕು. ರಾಯಚೂರಿನಿಂದ ದಿನಾ ಶಕ್ತಿನಗರಕ್ಕೆ ಡ್ಯೂಟಿಗೆ ಹೋಗುತ್ತೇನೆ. ಊರೊಳಗೆ ಬಂದರೆ ಫ್ಯಾನ್ ನಿಲ್ಲುವುದೇ ಇಲ್ಲ, ಬಿಸಿಗಾಳಿ ಕಾಲಿಗೆ ಹೊಡೆಯುತ್ತದೆ. ಕೂಲಂಟ್ ಕಡಿಮೆ ಆದರೆ ಬೋರ್ ನೀರು ಹಾಕಬಹುದಾ? (ಓದುಗರು, ರಾಯಚೂರು)

ಉತ್ತರ: ಬೋರ್ ನೀರು ಖಂಡಿತ ಬೇಡ. ಅದರ ಸುಣ್ಣ, ಉಪ್ಪು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಪುಸ್ತಕದಲ್ಲಿ ಹೇಳಿದ ಕೂಲಂಟೇ ಹಾಕಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಒಳಗಿನ ಒತ್ತಡಕ್ಕೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಫ್ಯಾನ್ ತಿರುಗುವುದು ಒಳ್ಳೆಯ ಲಕ್ಷಣ. ಮೀಟರಿನಲ್ಲಿ ಬಿಸಿ ಎಚ್ಚರಿಕೆಯ ದೀಪ ಹತ್ತಿದರೆ ಗಾಡಿ ಅಲ್ಲೇ ನಿಲ್ಲಿಸಿ, ಆಗಲೂ ಫ್ಯಾನ್ ತಿರುಗದಿದ್ದರೆ ಗಾಬರಿಯಾಗಬೇಕು. ರೇಡಿಯೇಟರ್ ರೆಕ್ಕೆಗಳಲ್ಲಿ ಕೂತ ಧೂಳು, ಹುಳ ಆಗಾಗ ಮೆಲ್ಲಗೆ ತೊಳೆಯಿರಿ, ಜೋರು ಪಂಪಿನ ನೀರಿಗೆ ರೆಕ್ಕೆ ಮಡಚಿಕೊಳ್ಳುತ್ತವೆ.

ಪ್ರಶ್ನೆ: ಯಜಮಾನರ ಬೈಕಿನಿಂದ ಇಳಿಯುವಾಗ ಮಗಳ ಕಾಲು ಸೈಲೆನ್ಸರ್‌ಗೆ ತಾಗಿ ಸುಟ್ಟಿತು. ಅತ್ತೆ ಪೇಸ್ಟ್ ಹಚ್ಚಿದರು. ಸರಿಯಾ? (ಓದುಗರು, ಗಂಗಾವತಿ)

ಉತ್ತರ: ಅತ್ತೆಯವರದು ಪ್ರೀತಿ, ಆದರೆ ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ. ಸುಟ್ಟ ಕೂಡಲೇ 20 ನಿಮಿಷ ನಲ್ಲಿ ನೀರು ಹರಿಯಬಿಡಬೇಕು, ಐಸ್ ಅಲ್ಲ. ಬೊಬ್ಬೆ ಒಡೆಯಬೇಡಿ, ಸ್ವಚ್ಛ ಬಟ್ಟೆ ಮುಚ್ಚಿ ಡಾಕ್ಟರಿಗೆ ತೋರಿಸಿ. ಇನ್ನು ಮುಂದೆ ಅವಳನ್ನು ಸೈಲೆನ್ಸರ್ ಇಲ್ಲದ ಕಡೆಯಿಂದ ಇಳಿಸಿ, ಎರಡೂ ಕಡೆ ಸೈಲೆನ್ಸರ್ ಇರುವ ಬೈಕಾದರೆ ಎತ್ತಿಯೇ ಇಳಿಸಿ.