ಸೈಟ್ ನೋಡಿದೆ ಅಕ್ಕಾ, ತೊಂದರೆ ಉಪ್ಪಿನಕಾಯಿಯದ್ದಲ್ಲ

ಅಕ್ಕಾ, ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಿ ವರ್ಷವಾಯ್ತು, ಅಪ್ಪೆಮಿಡಿ ಉಪ್ಪಿನಕಾಯಿಗೂ ನೀರಾಗಿರುವ ಜೋನಿ ಬೆಲ್ಲಕ್ಕೂ ಒಂದು ಆರ್ಡರ್ ಬಂದಿಲ್ಲ, ಇನ್ನು ಜಾಹೀರಾತು ಕೊಡಬೇಕಾ ಎಂದು ಕೇಳಿದ್ದೀರಿ. ಈಗಲೇ ಬೇಡ. ಸೈಟನ್ನು ಫೋನಿನಲ್ಲಿ ತೆರೆದು ನೋಡಿದೆ. ಬಂದವರಿಗೆ ಕೊಳ್ಳಲಿಕ್ಕೆ ದಾರಿಯೇ ಇಲ್ಲ. ಅದು ಸರಿಯಾಗದೆ ಜಾಹೀರಾತಿಗೆ ಹಾಕಿದ ದುಡ್ಡು ದಂಡ.

ತೆರೆದ ಕೂಡಲೇ ದೊಡ್ಡ ದೊಡ್ಡ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತವೆ. ಸೂರ್ಯೋದಯ, ಜಲಪಾತ, ಯಾರದ್ದೋ ತೋಟ. ಕೊನೆಗೆ ಉಪ್ಪಿನಕಾಯಿ. ಅದೂ ಎಲ್ಲಿಂದಲೋ ಇಳಿಸಿಕೊಂಡ ಫೋಟೊ. ಇಡೀ ಮಾವಿನ ಮಿಡಿಯ ಬದಲು ಹೆಚ್ಚಿದ ಮಾವಿನ ಹೋಳು, ಮೇಲೆ ಬೆರಳುದ್ದ ಎಣ್ಣೆ. ಅಪ್ಪೆಮಿಡಿ ತಿಂದು ಬೆಳೆದವರಿಗೆ ಇದು ನಮ್ಮ ಕಡೆಯದ್ದಲ್ಲ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಆಮೇಲೆ ಬಾಟಲಿಯಲ್ಲಿ ಇರುವುದನ್ನೂ ನಂಬುವುದಿಲ್ಲ. ನಿಮ್ಮದೇ ಭರಣಿಯಿಂದ ನಾಲ್ಕು ಮಿಡಿ ತೊಟ್ಟಿನ ಸಮೇತ ಬಟ್ಟಲಿಗೆ ಹಾಕಿ, ಜಗುಲಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಬೆಂಗಳೂರಿನಲ್ಲಿರುವ ಶಿರಸಿಯವರಿಗೆ ಅಷ್ಟು ಸಾಕು. ಬಾಟಲಿಯ ಲೇಬಲ್ ಕೂಡ ಓದುವ ಹಾಗೆ ಕಾಣಲಿ. ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಸೈಟಿನಲ್ಲಿ ಎಲ್ಲೂ ಇಲ್ಲ, ಅದನ್ನೂ ಹಾಕಿ.

ಫೋಟೊವನ್ನು ತೆಗೆದ ಹಾಗೇ ಏರಿಸಬೇಡಿ. ಒಂದೊಂದು ನಾಲ್ಕೈದು ಎಂಬಿ ಇರುತ್ತದೆ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, 200 ಕೆಬಿ ಒಳಗೆ ತನ್ನಿ. ಸ್ಕ್ವೂಶ್ ಎಂಬ ಉಚಿತ ಸೈಟಿನಲ್ಲಿ ಸುಲಭದ ಕೆಲಸ. ನಿಮಗೆ ಸೈಟ್ ಮಾಡಿಕೊಟ್ಟವರು ಆಫೀಸಿನ ವೈಫೈನಲ್ಲಿ, ದೊಡ್ಡ ಪರದೆಯಲ್ಲಿ ತೋರಿಸಿರುತ್ತಾರೆ. ಗಿರಾಕಿ ನೋಡುವುದು ಬಸ್ಸಿನಲ್ಲಿ ಕೂತು, ಒಂದು ಕಡ್ಡಿ ನೆಟ್‌ವರ್ಕ್ ಇಟ್ಟುಕೊಂಡು.

ಇನ್ನು ಬೆಲೆ. ‘ಬೆಲೆಗಾಗಿ ಸಂಪರ್ಕಿಸಿ’ ಎಂದು ಬರೆದಿದ್ದೀರಿ. ಯಾರೂ ಸಂಪರ್ಕಿಸುವುದಿಲ್ಲ ಅಕ್ಕಾ. ದುಬಾರಿ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ. ಅರ್ಧ ಕೆಜಿಗೆ ಎಷ್ಟು, ಒಂದು ಕೆಜಿಗೆ ಎಷ್ಟು, ಕೊರಿಯರ್ ಬೇರೆಯಾ ಸೇರಿಯಾ, ಎಷ್ಟು ದಿನಕ್ಕೆ ತಲುಪುತ್ತದೆ, ಎಲ್ಲವೂ ಅಲ್ಲೇ ಇರಲಿ. ಜೋನಿ ಬೆಲ್ಲ ದಾರಿಯಲ್ಲಿ ಸೋರದ ಹಾಗೆ ಹೇಗೆ ಪ್ಯಾಕ್ ಮಾಡುತ್ತೀರಿ ಎಂದು ಎರಡು ಸಾಲು ಬರೆಯಿರಿ. ಅಂಟಂಟು ಡಬ್ಬ ಬಿಚ್ಚಿದ ಅನುಭವ ಇದ್ದವರು ಮೊದಲು ಹುಡುಕುವುದೇ ಅದನ್ನು.

ಫೋನ್ ನಂಬರ್ ಇದೆ, ಆದರೆ ಕೆಳಗಿನ ಬ್ಯಾನರ್ ಚಿತ್ರದೊಳಗೆ. ಒತ್ತಿದರೆ ಕರೆ ಹೋಗುವುದಿಲ್ಲ, ಕಾಪಿ ಮಾಡಲಿಕ್ಕೂ ಆಗುವುದಿಲ್ಲ. ಪುಟದ ಮೇಲ್ಭಾಗದಲ್ಲೇ ಎರಡು ಬಟನ್ ಹಾಕಿಸಿ: ಒಂದು ಕರೆಗೆ, ಒಂದು ವಾಟ್ಸಾಪ್‌ಗೆ. ವಾಟ್ಸಾಪ್ ಲಿಂಕಿನಲ್ಲಿ ನಂಬರಿನ ಮೊದಲಿಗೆ 91 ಇರಬೇಕು, ಪ್ಲಸ್ ಚಿಹ್ನೆ ಇರಬಾರದು. ಆ ಉದ್ದದ ಫಾರ್ಮ್ ಇದೆಯಲ್ವಾ, ಒಮ್ಮೆ ನೀವೇ ತುಂಬಿ ಕಳಿಸಿ ನೋಡಿ. ಅದು ಯಾರ ಇಮೇಲ್‌ಗೆ ಹೋಗುತ್ತದೆ ಎಂದು ಗೊತ್ತಾಗಲಿ. ನಿಮ್ಮ ಆರ್ಡರ್‌ಗಳು ಅಲ್ಲೇ ಬಿದ್ದಿದ್ದರೂ ಬಿದ್ದಿರಬಹುದು.

‘ನಮ್ಮ ಬಗ್ಗೆ’ ಪುಟವನ್ನು ಓದಲಿಕ್ಕೇ ಆಗುವುದಿಲ್ಲ. ಬರೀ ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಚುಕ್ಕೆ, ಗೀರು. ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಹೀಗೇ ಆಗುವುದು. ಎಲ್ಲ ಫೋನಿನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಉಚಿತವಾಗಿ ಸಿಗುತ್ತದೆ. ಕರಪತ್ರವನ್ನೇ ಫೋಟೊ ತೆಗೆದು ಹಾಕಿದ ಪುಟವನ್ನೂ ತೆಗೆದು, ಅದರಲ್ಲಿರುವುದನ್ನು ಟೈಪ್ ಮಾಡಿಸಿ. ಗೂಗಲ್ ಹುಡುಕುವುದು ಮುಖ್ಯವಾಗಿ ಅಕ್ಷರಗಳಲ್ಲಿ. ಬ್ರೌಸರ್‌ನಲ್ಲಿ ನಿಮ್ಮ ಸೈಟಿನ ಹೆಸರು ಬರೀ ‘ಹೋಮ್’ ಎಂದು ಬರುತ್ತಿದೆ. ‘ಶಿರಸಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ’ ಎಂದು ಮಾಡಿಸಿ.

ಮಾರಿಕಾಂಬಾ ಜಾತ್ರೆಯ ರಿಯಾಯಿತಿ ಪಟ್ಟಿ ಇನ್ನೂ ಓಡುತ್ತಿದೆ. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ನೋಡಿದವರು ಅಂಗಡಿ ಮುಚ್ಚಿದೆ ಎಂದುಕೊಳ್ಳುವುದಿಲ್ವಾ?

ಕ್ರೋಮ್‌ನಲ್ಲಿ ‘ಸುರಕ್ಷಿತವಲ್ಲ’ ಎಂದು ಬರುತ್ತಿರುವುದು ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಎಚ್‌ಟಿಟಿಪಿಎಸ್ ವ್ಯವಸ್ಥೆ ಇಲ್ಲದ್ದಕ್ಕೆ. 2018ರಿಂದ ಕ್ರೋಮ್ ಹೀಗೆ ತೋರಿಸುತ್ತಿದೆ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತ, ಅದಕ್ಕೆ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಸುಮ್ನೆ ಕೊಡಬೇಡಿ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವುದೂ ಉಚಿತ. ಯಾಣ ನೋಡಲು ಶಿರಸಿ ಮೇಲೆ ಹೋಗುವವರು ದಾರಿಯಲ್ಲೇ ಹುಡುಕುತ್ತಾರೆ.

ಇದನ್ನೆಲ್ಲ ಮಾಡಿಸುವ ಮೊದಲು ಒಂದು ಕೇಳಿಕೊಳ್ಳಿ: ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ, ಯಾವಾಗ ರಿನ್ಯೂ ಆಗಬೇಕು, ಪಾಸ್‌ವರ್ಡ್ ಯಾರ ಹತ್ತಿರ ಇದೆ. ಮಾಡಿಕೊಟ್ಟವರ ಹೆಸರಿನಲ್ಲಿದ್ದರೆ ಮೊದಲು ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ, ಆಮೇಲೆ ಉಳಿದ ಖರ್ಚು.